ಕಲ್ಲಿಗೆ ಹೇಳಿದ ಮಾತು

ಅಟ್ಟೂರಿನ ಮುನಿಯಲ್ಲಮ್ಮ ಸತ್ತು ಮೂರು ತಿಂಗಳಾದ ಮೇಲೆ ಅವಳ ಸೊಸೆ ವರಲಕ್ಷ್ಮಮ್ಮ ಒಂದು ದಿನ ಸೊಪ್ಪಿನ ಮಂಕರಿಯನ್ನು ಬೋರಲು ಹಾಕಿ, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ಆರ್.ಟಿ. ನಗರಕ್ಕೆ ಹೊರಟಳು. ಅತ್ತೆಯ ದನಿ ಅಲ್ಲಿ ನೂರುಲ್ಲಾ ಮೇಷ್ಟ್ರ ಮನೆಯ ಬೀರುವಿನಲ್ಲಿ, ಒಂದು ಕ್ಯಾಸೆಟ್ಟಿನೊಳಗೆ ಇತ್ತು. ಆ ದನಿ ತನ್ನ ಹೆಸರು ಹಿಡಿದು ಹಾಡಿತ್ತಂತೆ. ಬೈದು ಹಾಡಿತ್ತೋ, ಒಳ್ಳೆಯ ಮಾತಿನಲ್ಲಿ ಹಾಡಿತ್ತೋ, ಅದು ಗೊತ್ತಾಗದೆ ಅವಳಿಗೆ ಈಚೆಗೆ ಹಿಟ್ಟು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮುನಿಯಲ್ಲಮ್ಮ ಸೋಲದೇವನಹಳ್ಳಿ ಕಡೆಯವಳು. ಹನ್ನೆರಡು ವರ್ಷಕ್ಕೆ ಮದುವೆಯಾಗಿ ಎತ್ತಿನ ಗಾಡಿಯಲ್ಲಿ ಬಂದಾಗ ತವರಿನ ರಾಗಿಕಲ್ಲೂ ಅದೇ ಗಾಡಿಯಲ್ಲಿ ಬಂತು. ಹೆತ್ತದ್ದು ಐದು, ಉಳಿದದ್ದು ಸೊಣ್ಣಪ್ಪ ಒಬ್ಬ. ಗಂಡ ಹೋದ. ಅರ್ಧ ಹೊಲ ಹೊಸ ಬಡಾವಣೆಗೆ ಹೋಯಿತು. ಊರಿಗೆ ಫ್ಲೋರ್ ಮಿಲ್ಲು ಬಂದು ಓರಗೆಯ ಹೆಂಗಸರೆಲ್ಲ ಡಬ್ಬ ಹೊತ್ತುಕೊಂಡು ಸಾಲಿನಲ್ಲಿ ನಿಂತರು. ಮುನಿಯಲ್ಲಮ್ಮ ಮಾತ್ರ "ಮಿಸನ್ ಇಟ್ಟು ಸುಟ್ಟಿಟ್ಟು" ಎಂದು ಮೂಗು ಮುರಿದು, ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುತ್ತಲೇ ಇದ್ದಳು. ಹಟದಲ್ಲಿ ಅವಳು ಆ ಕಲ್ಲಿನ ಒಡಹುಟ್ಟಿದವಳೇ.

ಸೊಣ್ಣಪ್ಪ ಮದುವೆಯಾದ ನಾಲ್ಕನೇ ವರ್ಷ ಕಾಮಾಲೆಯಲ್ಲಿ ತೀರಿಕೊಂಡ. ಹೆಣದ ಮುಂದೆ, ಊರೆಲ್ಲ ನೆರೆದಿದ್ದಾಗ, ಮುನಿಯಲ್ಲಮ್ಮ ಸೊಸೆಯ ಕಡೆ ತಿರುಗಿ ಒಂದು ಮಾತು ಅಂದುಬಿಟ್ಟಳು.

"ನನ್ ಮಗನ್ನ ತಿಂದ್ಕೊಂಡ್ಯಲ್ಲೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತನ್ನು ಅವಳು ಇನ್ನೊಂದು ಸಲ ಆಡಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ವರಲಕ್ಷ್ಮಮ್ಮನಿಗೆ ಆಗ ಇಪ್ಪತ್ತೊಂದು. ಮಕ್ಕಳಿಲ್ಲ, ತವರಿನಲ್ಲಿ ಕರೆಯುವವರಿಲ್ಲ. ಅಲ್ಲೇ ಉಳಿದಳು. ಉಳಿದಿದ್ದ ಹೊಲದಲ್ಲಿ ದಂಟು, ಹರಿವೆ, ಮೆಂತ್ಯ ಬೆಳೆದು, ದಿನಾ ಯಲಹಂಕಕ್ಕೆ ಹೊತ್ತು ಮಾರಿ ಇಬ್ಬರ ಹೊಟ್ಟೆ ಹೊರೆದಳು.

ಅಂದಿನಿಂದ ಅತ್ತೆ ಸೊಸೆ ಮುಖ ನೋಡಿ ಮಾತಾಡಲಿಲ್ಲ. ಹಾಗಂತ ಮನೆಯೊಳಗೆ ಮಾತೇ ಇರಲಿಲ್ಲ ಅನ್ನುವಂತಿಲ್ಲ. "ಕೋಳಿ, ಉಪ್ಪು ಮುಗ್ದದೆ ಅಂತ ಏಳು ಅವಳ್ಗೆ" ಎನ್ನುವಳು ಅತ್ತೆ. "ನಾಳೆ ತತ್ತೀನಂತೆ ಅನ್ನು" ಎನ್ನುವಳು ಸೊಸೆ, ಅದೇ ಕೋಳಿಗೆ. ಕೋಳಿ ಸಾರಾದರೆ ಗೋಡೆ ಇತ್ತು, ಗೋಡೆ ಬೇಸರವಾದರೆ ಒಲೆ ಇತ್ತು. ಹದಿನೆಂಟು ವರ್ಷ ಹೀಗೇ ಸಂಸಾರ ನಡೆಯಿತು. ನೋಡಿದವರು ನಗುತ್ತಿದ್ದರು. ನಗುವವರಿಗೇನು, ಮನೆಗೆ ಹೋಗಿ ಬಾಯ್ತುಂಬ ಜಗಳವಾಡುವ ಸುಖ ಅವರಿಗಿತ್ತು.

ಮುನಿಯಲ್ಲಮ್ಮನ ನಿಜವಾದ ಮಾತೆಲ್ಲ ರಾಗಿಕಲ್ಲಿನ ಹತ್ತಿರ. ಬೀಸುತ್ತ ಬೀಸುತ್ತ ಕಂಡವರ ಹೆಸರನ್ನೆಲ್ಲ ಪದಕ್ಕೆ ಸೇರಿಸಿ ಹಾಡುವಳು. ಅಣ್ಣನ ಮೇಲೆ ಪದ, ಸತ್ತ ಮಗನ ಮೇಲೆ ಪದ, ಕುಂಟುತ್ತಿದ್ದ ಎತ್ತಿನ ಮೇಲೂ ಒಂದು ಪದ. ಚಾಪೆಯ ಮೇಲೆ ಎಚ್ಚರವಾಗಿ ಮಲಗಿ ವರಲಕ್ಷ್ಮಮ್ಮ ಎಲ್ಲವನ್ನೂ ಕೇಳುತ್ತಿದ್ದಳು. ಹಿತ್ತಲಿನ ನುಗ್ಗೆಮರಕ್ಕೂ ಒಂದು ಪದ ದಕ್ಕಿತ್ತು. ಸೊಸೆಗೆ ಒಂದು ಸಾಲೂ ದಕ್ಕಲಿಲ್ಲ. ಅವಳಿಗೆ ಅದು ಬಲು ನೋಯುತ್ತಿತ್ತು.

ಎಂಬತ್ತೊಂದನೆಯ ಇಸವಿಯಲ್ಲಿ ನೂರುಲ್ಲಾ ಮೇಷ್ಟ್ರು ಬಂದರು. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವರು, ಹಳ್ಳಿಯ ಹಾಡುಗಳನ್ನು ಟೇಪಿನಲ್ಲಿ ಹಿಡಿಯುವ ಹುಚ್ಚು. ಮುದುಕಿಯನ್ನು ಕುರ್ಚಿಯ ಮೇಲೆ ಕೂರಿಸಿ ಹಾಡಿ ಎಂದರೆ ಒಂದು ಸಾಲೂ ಬರಲಿಲ್ಲವಂತೆ. ಸುಮ್ಮನೆ ಕಲ್ಲು ತಿರುಗಿಸುತ್ತ ಹಾಡಿ ಎಂದರೆ, ಬರೀ ಕಲ್ಲು ಬೀಸಬಾರದು ಎಂದು ಗದರಿ, ಮೊರದ ತುಂಬ ರಾಗಿ ತಂದುಕೊಂಡು ಕೂತಳಂತೆ. ಆಮೇಲೆ ಎರಡು ಗಂಟೆ ನಿಲ್ಲಲಿಲ್ಲ. ವರಲಕ್ಷ್ಮಮ್ಮ ಆಗ ಯಲಹಂಕದಲ್ಲಿ ಸೊಪ್ಪು ಮಾರುತ್ತಿದ್ದಳು. ಅವತ್ತು ಸಂಜೆ ಇದನ್ನೆಲ್ಲ ಹೇಳಿದ್ದು ಪಕ್ಕದ ಮನೆಯ ದಾನವ್ವ. ಗಂಡನಿಗೆ ಫ್ಯಾಕ್ಟರಿ ಕೆಲಸ ಸಿಕ್ಕಿ ಧಾರವಾಡ ಕಡೆಯಿಂದ ಬಂದವಳು.

"ನಿನ್ನ ಹೆಸರು ಹಿಡದು ಹಾಡಿದ್ರು ನೋಡವ್ವಾ ನಿಮ್ಮತ್ತಿ. ನನಗ ನಿಮ್ಮ ಕಡೆ ಪದ ತಿಳೀಲಿಲ್ಲ. ಅವರ ಕಣ್ಣಾಗ ಮಾತ್ರ ನೀರು ಬಂದಿದ್ವು."

ಕಣ್ಣೀರಿನದೇನು, ಶಾಪ ಹಾಕುವವರೂ ಅಳುತ್ತಾರೆ. ವರಲಕ್ಷ್ಮಮ್ಮ ಒಳಗೆ ಬಂದು ಮಂಕರಿ ಇಳಿಸಿ ಗೋಡೆಗೆ ಹೇಳಿದಳು. "ಬೇರೆಯೋರ ಮುಂದೆ ನನ್ ಎಸರು ಎತ್ತೋ ಅಂಗೆ ನಾನೇನ್ ಮಾಡಿದ್ನೋ."

ಮುದುಕಿ ಕೋಳಿಯ ಕಡೆ ತಿರುಗಿದಳು. "ಕೈ ತೊಳ್ಕೊಳಕ್ಕೇಳು. ಇಟ್ಟು ಆರೋಯ್ತದೆ."

ತಟ್ಟೆಯಲ್ಲಿ ಮುದ್ದೆ ಹೊಗೆಯಾಡುತ್ತಿತ್ತು. ವರಲಕ್ಷ್ಮಮ್ಮ ಮುಖ ಗಂಟು ಹಾಕಿಕೊಂಡೇ ಉಂಡಳು.

ಮರುವರ್ಷ ನಾಲ್ಕು ದಿನದ ಜ್ವರಕ್ಕೆ ಮುನಿಯಲ್ಲಮ್ಮ ಹೊರಟುಹೋದಳು. ಆ ನಾಲ್ಕು ದಿನವೂ ಸೊಸೆ ಗಂಜಿ ಕುಡಿಸಿದಳು, ಮೈ ಒರೆಸಿದಳು, ಈಗಲಾದರೂ ಬಾಯಿ ಬಿಟ್ಟಾಳೆಂದು ಕಾದಳು. ಮುದುಕಿಗೆ ದನಿಯೇ ಬಿದ್ದುಹೋಗಿತ್ತು. ಮಣ್ಣು ಮಾಡಿ ಬಂದವರೆಲ್ಲ ಅವರವರ ಮನೆಗೆ ಹೋದರು. ಆಮೇಲೆ ಕೋಳಿಗೂ ಗೋಡೆಗೂ ಹೇಳಿಕಳಿಸಲು ಯಾರೂ ಇಲ್ಲದೆ, ವರಲಕ್ಷ್ಮಮ್ಮ ದಿನಗಟ್ಟಲೆ ತುಟಿ ಬಿಚ್ಚದೆ ಇರುತ್ತಿದ್ದಳು. ಒಂಟಿತನ ಅಂದರೆ ಏನೆಂದು ಗಂಡ ಸತ್ತಾಗಲೂ ಅವಳಿಗೆ ಇಷ್ಟು ತಿಳಿದಿರಲಿಲ್ಲ.

ಯಲಹಂಕದಲ್ಲಿ ಬಸ್ಸು ಬದಲಿಸಿ, ಹೆಬ್ಬಾಳದಲ್ಲಿ ಇಳಿದು, ಮೇಷ್ಟ್ರು ಅಂದು ಬಿಟ್ಟುಹೋಗಿದ್ದ ವಿಳಾಸದ ಚೀಟಿ ತೋರಿಸುತ್ತ ನಡೆದು ಮೇಷ್ಟ್ರ ಮನೆ ಸೇರಿದಾಗ ಮಧ್ಯಾಹ್ನವಾಗಿತ್ತು. ಮೇಷ್ಟ್ರು ಅವಳನ್ನು ಕೂರಿಸಿ, ನೀರು ಕೊಟ್ಟು, ಸುದ್ದಿ ಕೇಳಿ, ಬೀರು ತೆರೆದು ಕ್ಯಾಸೆಟ್ಟು ತೆಗೆದರು.

"ಅಮ್ಮ, ನನ್ನಿಂದ ಒಂದು ತಪ್ಪಾಗಿದೆ. ಕಲ್ಲಿನ ಸದ್ದು ಚೆನ್ನಾಗಿರುತ್ತೆ ಅಂತ ಮೈಕನ್ನ ಅದರ ಪಕ್ಕದಲ್ಲೇ ಇಟ್ಬಿಟ್ಟೆ. ಹಾಡು ಸರಿಯಾಗಿ ಕೇಳ್ಸಲ್ಲ."

"ಕೇಳಿಸ್ದಷ್ಟು ಕೇಳ್ತೀನಿ ಸಾಮಿ."

ಗುಂಡಿ ಒತ್ತಿದರು. ರಾಗಿಕಲ್ಲು ಗರಗರ ಎಂದಿತು. ಆ ಸದ್ದಿನಡಿಯಲ್ಲಿ ದೂರದಿಂದ ಬಂದಂತೆ ಅತ್ತೆಯ ದನಿ ಏಳುತ್ತಿತ್ತು, ಮುಳುಗುತ್ತಿತ್ತು. ಒಂದು ಸಲ ಸ್ಪಷ್ಟವಾಗಿ "ವರಲಕ್ಷುಮಿ" ಎಂದು ಕೇಳಿತು. ಮುಂದಿನದನ್ನು ಕಲ್ಲು ನುಂಗಿತು. ಮತ್ತೆ "ವರಲಕ್ಷುಮಿ", ಮತ್ತೆ ಗರಗರ. ಅವಳು ಟೇಪಿನ ಪೆಟ್ಟಿಗೆಗೆ ಕಿವಿ ಆನಿಸಿದಳು. ಮೇಷ್ಟ್ರು ಮೂರು ಸಲ ಹಿಂದಕ್ಕೆ ಓಡಿಸಿ ಹಾಕಿದರು. ಹೆಸರಿನಾಚೆ ಒಂದಕ್ಷರವೂ ಸಿಗಲಿಲ್ಲ.

"ಓಗ್ಲಿ ಬಿಡಿ" ಎಂದು ಅವಳು ಏಳುವುದರಲ್ಲಿದ್ದಳು. ಅಷ್ಟರಲ್ಲಿ ಟೇಪಿನಲ್ಲಿ ಕಲ್ಲು ನಿಂತಿತು. ಮೇಷ್ಟ್ರ ದನಿ ಬಂತು.

"ಅಜ್ಜಿ, ವರಲಕ್ಷ್ಮಿ ಅಂದ್ರೆ ಯಾರು?"

"ನನ್ ಸೊಸೆ."

"ಅವರ ಮೇಲೆ ಏನಂತ ಹಾಡಿದ್ರಿ?"

"ಅದು ಕಲ್ಲಿಗೆ ಏಳಿದ್ದು. ಒಂದ್ ಕೆಟ್ ಮಾತ್ ಆಡ್ಬುಟ್ಟಿದ್ದೆ ಅವಳ್ಗೆ. ಅವಳ್ ಮುಂದೆ ಏಳಾಕೆ ಬಾಯ್ ಬಂದಿದ್ರೆ ಕಲ್ಲ್ಯಾಕಪ್ಪ ಬೇಕಿತ್ತು." ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು. "ನಿಲ್ಸು ನಿನ್ ಡಬ್ಬವ. ಅವಳು ಬರೋ ಒತ್ತಾಯ್ತು, ಮುದ್ದೆಗೆ ಎಸರಿಡ್ಬೇಕು. ಮಗು ಅಸ್ಕೊಂಡ್ ಬತ್ತದೆ."

ಟಕ್ ಎಂದು ಟೇಪು ನಿಂತಿತು. ನಲವತ್ತು ವರ್ಷದ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತನ್ನನ್ನು ಮಗು ಎಂದವರು ಯಾರೂ ಇರಲಿಲ್ಲ. ಅಂದವಳಿಗೆ ಅವತ್ತು ತಾನು ಗಂಟುಮೋರೆ ತೋರಿಸಿದ್ದಳು. ಆ ಮುದ್ದೆಯ ಬಿಸಿ ಈಗ ಅಂಗೈಗೆ ತಾಗಿದಂತಾಗಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಕ್ಯಾಸೆಟ್ಟನ್ನು ತೆಗೆದುಕೊಂಡು ಹೋಗಿ ಎಂದರೆ, ಹಾಕಿ ಕೇಳಲು ತನ್ನಲ್ಲೇನಿದೆ ಎಂದು ಅವಳು ಅಲ್ಲೇ ಬಿಟ್ಟಳು.

ಅಟ್ಟೂರಿನಲ್ಲಿ ಇಳಿದಾಗ ದನಗಳು ಮನೆಗೆ ಮರಳುತ್ತಿದ್ದವು. ಬೀಗ ತೆಗೆದಳು. ಒಲೆ ತಣ್ಣಗಿತ್ತು. ಹಸಿವಾಗಿತ್ತು, ಆದರೂ ಒಲೆಯ ಹತ್ತಿರ ಹೋಗದೆ ಮೂಲೆಯ ರಾಗಿಕಲ್ಲಿನ ಮೇಲಿನ ಗೋಣಿ ಸರಿಸಿ ಮುಂದೆ ಕೂತಳು. ಬರೀ ಕಲ್ಲು ಬೀಸಬಾರದೆಂದು ಒಂದು ಹಿಡಿ ರಾಗಿ ಸುರಿದು ಗೂಟ ಹಿಡಿದಳು. ಪದ ಬರುತ್ತಿರಲಿಲ್ಲ. ಒಂದು ಸುತ್ತು ತಿರುಗಿಸಿದಳು, ಇನ್ನೊಂದು ಸುತ್ತು ತಿರುಗಿಸಿದಳು.

"ಕಲ್ಲೇ," ಎಂದಳು, "ನಮ್ಮತ್ತೆಗೆ ಏಳು. ನಾನು ಬಂದೆ ಅಂತ ಏಳು."

ಆಮೇಲೆ ಆ ಹಿಡಿ ರಾಗಿ ನುಣ್ಣಗಾಗುವವರೆಗೂ ಬೀಸಿದಳು.