ಹೊಗೆಯ ದಾರಿಗೆ ತಗಡು

"ಹೊಗಿ ಬರ್ಲಿಲ್ಲೆ ಅಂದೇಳಿ ಇದಕ್ಕ್ ಹ್ಯಾಂಗ್ ಗೊತ್ತಾಯ್ತ್?" ಕಿಟ್ಟ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ಕೇಳಿದ. ಕೇಳಿದ್ದು ಎಂಜಿನ್ನನ್ನು. ಎಂಜಿನ್ ಕೆಟ್ಟಿದೆಯೆನ್ನುವ ಮೀಟರಿನ ಹಳದಿ ದೀಪ ಉರಿಯುತ್ತಲೇ ಇತ್ತು.

ಪಿಕಪ್ಪು ಉಮಾವತಿಯದು, ಎರಡು ವರ್ಷದ ಹಿಂದೆ ಕೊಂಡದ್ದು. ಬಂದರಿನಲ್ಲಿ ಮೀನು ಕೊಂಡು ಸಿದ್ದಾಪುರದವರೆಗೂ ಮಾರಿಕೊಂಡು ಹೋಗುವವಳು. ಕಿಟ್ಟನೋ, ಹೆಮ್ಮಾಡಿಯ ಗ್ಯಾರೇಜಿನಲ್ಲಿ ಮೂವತ್ತು ವರ್ಷ ದೋಣಿ ಎಂಜಿನ್ನುಗಳನ್ನು ಸದ್ದು ಕೇಳಿಯೇ ಸರಿ ಮಾಡಿದವನು. ನಾಲ್ಕು ದಿನದ ಹಿಂದೆ, ಗಾಡಿ ಎಳೆಯುತ್ತಿಲ್ಲವೆಂದು ಅವಳು ತಂದಾಗ, ಈ ಎಂಜಿನ್ ಬಿಚ್ಚಿದವನಿಗೆ ಸಿಟ್ಟೇ ಬಂದಿತ್ತು. ಸೈಲೆನ್ಸರಿಗೆ ಹೋಗಬೇಕಾದ ಹೊಗೆಯಲ್ಲಿ ಒಂದು ಪಾಲು ಅದ್ಯಾವುದೋ ವಾಲ್ವಿನೊಳಗಿಂದ ಮತ್ತೆ ಎಂಜಿನ್ನಿನ ಬಾಯಿಗೇ ಬರುತ್ತದೆ! ಉಗುಳಿದ್ದನ್ನು ಯಾರಾದರೂ ತಿನ್ನುತ್ತಾರೆಯೇ, ಥೂ! ಮಸಿ ಕಟ್ಟಿದ ವಾಲ್ವನ್ನು ತೊಳೆಯುವ ಬದಲು ಆಯಿಲ್ ಡಬ್ಬಿಯ ತಗಡು ಕತ್ತರಿಸಿ ಆ ದಾರಿಯನ್ನೇ ಮುಚ್ಚಿಬಿಟ್ಟ. ಉಮಾವತಿಗೆ "ಕ್ಲೀನ್ ಮಾಡ್ದೆ" ಎಂದ.

ಎರಡು ದಿನ ಗಾಡಿ ಭರ್ಜರಿಯಾಗಿ ಓಡಿತು. ನಿನ್ನೆ ಸಿದ್ದಾಪುರದ ಏರಿನಲ್ಲಿ ದೀಪ ಹತ್ತಿ, ಎಳೆಯುವ ಶಕ್ತಿಯೇ ಹೋಯಿತು. ಐಸ್ ಕರಗಿ ಎರಡು ಬಾಕ್ಸ್ ಬಂಗುಡೆ ಮೀನು ಹಾಳು.

"ಸಾಕ್ ಕಿಟ್ಟಣ್ಣ. ಇನ್ ಕುಂದಾಪ್ರ ಶೋರೂಮಿಗೇ ತಕಂಡ್ ಹೋತೆ. ವಾರಂಟಿ ಇನ್ನೂ ಇತ್ತಲ್ಲ" ಎಂದಳು ಬಾಗಿಲಲ್ಲಿ ನಿಂತಿದ್ದ ಉಮಾವತಿ.

ಕಿಟ್ಟ ತಗಡು ಹಾಕಿದ ಜಾಗವನ್ನು ನೋಡಿದ. ತಗಡು ಅವರ ಕಣ್ಣಿಗೆ ಬಿದ್ದರೆ ವಾರಂಟಿ ಹೋದಂತೆಯೇ. ಈಗಲೇ ಸದ್ದಿಲ್ಲದೆ ತೆಗೆದುಬಿಟ್ಟರೆ? ಆದರೆ ಹೊಗೆ ಬರಲಿಲ್ಲವೆಂದು ತಿಳಿದುಕೊಂಡ ಈ ಯಂತ್ರ, ತಗಡಿನ ಸುದ್ದಿಯನ್ನೂ ಎಲ್ಲೋ ಬರೆದಿಟ್ಟಿದ್ದರೆ? ಅವನ ತಲೆಗೆ ಒಂದೂ ಹತ್ತಲಿಲ್ಲ. ಬೋಲ್ಟ್ ಬಿಚ್ಚಿ ತಗಡು ತೆಗೆದ. ಕಿಸೆಗೆ ಹಾಕಿದ, ಮತ್ತೆ ಹೊರತೆಗೆದ.

"ಉಮಾ, ಇದ್ ನಾನೇ ಹಾಕಿದ್ದ್. ಹೊಗಿ ವಾಪಾಸ್ ಬಪ್ಪುದ್ ಎಂತಕ್ಕೆ ಅಂದೇಳಿ ನಂಗ್ ಗೊತ್ತಿರ್ಲಿಲ್ಲೆ. ಈಗ್ಳೂ ಗೊತ್ತಿಲ್ಲೆ."

ಉಮಾವತಿ ತಗಡನ್ನೂ ಅವನನ್ನೂ ನೋಡಿದಳು. "ಕ್ಲೀನ್ ಮಾಡ್ದೆ ಅಂದ್ರಿ?"

"ಸುಳ್ಳ್ ಹೇಳ್ದೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಳೆಯ ಗಾಡಿಯ ಕಾಲದಿಂದ, ಹತ್ತು ವರ್ಷ, ಬೇರೆ ಯಾರ ಕೈಗೂ ಗಾಡಿ ಕೊಟ್ಟವಳಲ್ಲ. "ಗಾಡಿ ಹತ್ತಿ. ಅಲ್ ಬಂದ್ ನೀವೇ ಹೇಳಿ" ಎಂದಳು.

ಕುಂದಾಪುರದವರೆಗೆ ಅವಳೇ ಗಾಡಿ ಓಡಿಸಿದಳು. ಶೋರೂಮಿನ ಗಾಜಿನ ಬಾಗಿಲಾಚೆ ಬಿಳಿ ನೆಲ ಹೊಳೆಯುತ್ತಿತ್ತು. ತಗಡು ಹಿಡಿದುಕೊಂಡು ನಿಂತ ಕಿಟ್ಟ, ಒಳಗೆ ಹೇಗೆ ಹೋಗುವುದೆಂದು ತಿಳಿಯದೆ ಚಪ್ಪಲಿ ಕಳಚಿಟ್ಟ. ಒಳಗಿದ್ದವರೆಲ್ಲ ಬೂಟು ಹಾಕಿಕೊಂಡಿದ್ದರು. ಸೆಕ್ಯುರಿಟಿಯವನಿಗೆ ನಗು ಬಂತು.

ಉಮಾವತಿ ಕಿಟ್ಟನತ್ತ ನೋಡಲಿಲ್ಲ. ತನ್ನ ಚಪ್ಪಲಿಯನ್ನೂ ಅವನದರ ಪಕ್ಕ ಬಿಟ್ಟು, ಬಾಗಿಲು ತಳ್ಳಿದಳು.