ನರ ಬಿಡು, ಮೂಳೆಗೆ ಹೋಗು

ಆಂಬುಲೆನ್ಸಿನ ಹಿಂಭಾಗದಲ್ಲಿ ಇದ್ದದ್ದು ಒಂದೇ ಸ್ಪೀಕರ್. ಅದರಲ್ಲಿ ಮಾತಾಡುವ ಬಾಯಿಗಳು ಮಾತ್ರ ಎರಡು. ಒಂದು ಕಂಟ್ರೋಲ್ ರೂಮಿನ ಡಾಕ್ಟರದು, ಇನ್ನೊಂದು ಮುಂದೆ ಸ್ಟೇರಿಂಗ್ ಹಿಡಿದ ಗಿಳಿರಾಯನದು. ಗಿಳಿರಾಯ ಅನ್ನುವುದು ಅಡ್ಡಹೆಸರು. ಡಾಕ್ಟರು ಗಂಟಲು ಕೆರೆದು ಮೂಗಿನಲ್ಲಿ "ಏನಮ್ಮಾ, ಕೇಳಿಸ್ತಾ?" ಅನ್ನುವುದನ್ನು ಅವನು ಅಚ್ಚೊತ್ತಿದ ಹಾಗೆ ಅನ್ನುತ್ತಿದ್ದ. ಹೋದ ವಾರ ಅದೇ ದನಿಯಲ್ಲಿ, "ನಿಂಗೆ ತೂಕಡಿಕೆ ಜಾಸ್ತಿಯಾಗಿದೆ, ಒಂದು ಬಾಟ್ಲಿ ಕಾಫಿ ಡ್ರಿಪ್ ಹಾಕ್ಕೋ" ಎಂದು ಅಪ್ಪಣೆ ಕೊಟ್ಟಿದ್ದ. ಹಿಂದೆ ಕೂತವಳು "ಸರಿ ಸರ್" ಅಂದೇಬಿಟ್ಟಿದ್ದಳು.

ಹಿಂದೆ ಕೂರುವ ನರ್ಸ್ ಸೂಜಿಮಲ್ಲಿಗೆ. ಹಾಗೆ ಹೆಸರಿಟ್ಟವನೂ ಅವನೇ. ಎಂಥ ಬತ್ತಿದ ಕೈಯಲ್ಲೂ ನರ ಹುಡುಕಿ ಸೂಜಿ ಇಳಿಸುವವಳು. "ಇವಳಿಗೆ ನರ ಸಿಕ್ರೆ ಸಾಕು, ನರಜನ್ಮ ಉಳೀತು" ಎಂದು ಅವನು ಹೊಗಳುವಾಗ ಅವಳು ಬೇಡ ಅಂದದ್ದಿಲ್ಲ.

ಆ ಮಧ್ಯಾಹ್ನ ಸ್ಟ್ರೆಚರಿನ ಮೇಲೆ ಮಲಗಿದ್ದವನು ಗಾಜು ಕೂರಿಸುವವನು. ಕಿಟಕಿಯ ಗಾಜು ಕೈಜಾರಿ ಎಡತೊಡೆಯನ್ನು ಸೀಳಿತ್ತು. ಬಿಗಿಪಟ್ಟಿ ಕಟ್ಟಿ ರಕ್ತ ತಕ್ಕಮಟ್ಟಿಗೆ ನಿಲ್ಲಿಸಿದ್ದಾಗಿತ್ತು, ಆದರೆ ಹೋದದ್ದು ಹೋಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ರಕ್ತ ಹೆಪ್ಪುಗಟ್ಟಿಸುವ ಔಷಧಿ ಒಳಗೆ ಸೇರಬೇಕು. ಇಲ್ಲದಿದ್ದರೆ ಆಳು ಉಳಿಯುವುದಿಲ್ಲ. ಪಕ್ಕದಲ್ಲಿ ಅವನ ಅಕ್ಕ ಕೂತು ಕೆನ್ನೆ ತಟ್ಟುತ್ತಿದ್ದಳು. "ಕಣ್ ಬಿಡೋ ಸೋಮಾರಿ. ಮಲಗೋಕೆ ನಿಂಗೆ ಇದೇ ಜಾಗ ಸಿಕ್ತಾ?"

ಬಲಗೈಯಲ್ಲಿ ನರ ಸಿಗಲಿಲ್ಲ. ಎಡಗೈಯಲ್ಲಿ ಸಿಕ್ಕಂತೆ ಮಾಡಿ ತಪ್ಪಿಸಿಕೊಂಡಿತು. ಮೈಯಲ್ಲಿ ರಕ್ತ ಇಳಿದಾಗ ನರಗಳು ಸಾಲ ಕೊಟ್ಟವನನ್ನು ಕಂಡವರಂತೆ ಒಳಗೊಳಗೇ ಅಡಗುತ್ತವೆ. ಅಂಥ ಹೊತ್ತಿಗೆಂದೇ ಪೆಟ್ಟಿಗೆಯಲ್ಲಿ ಪುಟ್ಟ ಡ್ರಿಲ್ ಇತ್ತು: ಮೊಣಕಾಲ ಕೆಳಗಿನ ಮೂಳೆಗೆ ಸೂಜಿ ಕೊರೆದರೆ ಔಷಧಿ ಮಜ್ಜೆಯ ದಾರಿಯಲ್ಲಿ ನೇರ ರಕ್ತ ಸೇರುತ್ತದೆ. ಅವಳು ಡ್ರಿಲ್ ನೋಡಿದಳು. ಅಕ್ಕನ ಮುಖ ನೋಡಿದಳು. ಮತ್ತೆ ಮೊಣಕೈಯ ಮಡಿಕೆ ತಟ್ಟತೊಡಗಿದಳು. ಸೂಜಿಮಲ್ಲಿಗೆಗೇ ನರ ಸಿಗಲಿಲ್ಲ ಅಂದರೆ ಹೇಗೆ?

ಸ್ಪೀಕರ್ ಗಂಟಲು ಕೆರೆಯಿತು. "ಏನಮ್ಮಾ, ಕೇಳಿಸ್ತಾ? ಬಿಪಿ ಬೀಳ್ತಿರೋದು ಇಲ್ಲಿ ಕಾಣ್ತಿದೆ. ನರ ಬಿಡು. ಮೂಳೆಗೆ ಹೋಗು."

"ಲೇ ಗಿಳಿ, ಈಗ್ಲೂ ನಿನ್ನ ಆಟಾನಾ? ಬಾಯ್ ಮುಚ್ಕೊಂಡು ಗಾಡಿ ಓಡ್ಸು!" ಎಂದು ಸ್ಪೀಕರನ್ನೇ ಆರಿಸಿದಳು.

ಮೂರನೆಯ ಸಲವೂ ಚರ್ಮ ಊದಿಕೊಂಡಿತಷ್ಟೇ. ಸೂಜಿ ಕಿತ್ತು, ಹತ್ತಿ ಒತ್ತಿ, ಮುಂಗೈಗೆ ಬಂದಳು. ಅಲ್ಲೂ ಇಲ್ಲ. ಅಷ್ಟರಲ್ಲಿ ಮುಂದಿನ ಕಿಂಡಿ ಸರಿಯಿತು.

"ಮಲ್ಲಿಗೇ, ಅದು ನಾನಲ್ಲ," ಎಂದ ಗಿಳಿರಾಯ, ತನ್ನದೇ ದನಿಯಲ್ಲಿ. "ನಿಜವಾದ ಡಾಕ್ಟ್ರೇ. ನನ್ನ ಫೋನಲ್ಲಿ ಕೂಗಾಡ್ತಿದ್ದಾರೆ."

ಅವಳು ಬಲಗಾಲಿನ ಪ್ಯಾಂಟ್ ಕತ್ತರಿಸಿ ಡ್ರಿಲ್ ಒತ್ತಿದಳು. ಗುಯ್ ಎಂದು ಒಂದು ಉಸಿರಿನಷ್ಟು ಸದ್ದು, ಆಮೇಲೆ ಸೂಜಿ ನೆಟ್ಟಗೆ ನಿಂತಿತು. ಅಕ್ಕ ಕಿರುಚಲೂ ಇಲ್ಲ. ಔಷಧಿ ಬೆಣ್ಣೆಯಿಂದ ಕೂದಲು ಎಳೆದಂತೆ ಇಳಿಯಿತು. ಅಷ್ಟು ಸಲೀಸಾಗಿ ಇಳಿದದ್ದನ್ನು ಕಂಡ ಮೇಲೆ ಅವಳು ಅಕ್ಕನ ಮುಖ ನೋಡಲಿಲ್ಲ.

ಆಸ್ಪತ್ರೆಯವರು ಅವನನ್ನು ಒಳಗೆ ಒಯ್ದರು. ಕೊನೆಗೆ ಹೊರಗೆ ಬಂದವರು "ಉಳೀಲಿಲ್ಲಮ್ಮಾ" ಎಂದು ಅಕ್ಕನ ಭುಜದ ಮೇಲೆ ಕೈಯಿಟ್ಟರು.

ಗಿಳಿರಾಯ ಗೋಡೆಗೆ ಒರಗಿ ಪಿಸುಗುಟ್ಟಿದ. "ಲೈನ್ ಕಟ್ಟಾಗಿತ್ತು ಅಂದ್ಬಿಡು ಮಲ್ಲಿಗೇ. ನಾನೂ ಹಂಗೇ ಹೇಳ್ತೀನಿ. ತಪ್ಪು ನಂದೂ ಇದೆಯಲ್ಲ."

ಅವಳು ಉತ್ತರಿಸುವ ಮೊದಲೇ ಅಕ್ಕ ಎದುರಿಗೆ ಬಂದು ನಿಂತಳು. ಅತ್ತಿರಲಿಲ್ಲ, ಅಳು ಇನ್ನೂ ದಾರಿಯಲ್ಲಿತ್ತು.

"ಆ ಡಾಕ್ಟ್ರನ್ನ ಯಾಕಮ್ಮಾ ಬೈದೆ?"

"ಡಾಕ್ಟ್ರು ಅಂತ ಗೊತ್ತಾಗ್ಲಿಲ್ಲ. ಇವನು ಅವರನ್ನ ಅಣಕಿಸ್ತಿರ್ತಾನೆ. ಇವನೇ ಅಂದ್ಕೊಂಡೆ."

ಅಕ್ಕ ಇಬ್ಬರನ್ನೂ ನೋಡಿದಳು. "ಇವನೇ ಹೇಳಿದ್ದ ಅಂತ ಇಟ್ಕೋ. ಮಾತು ಸರಿಯಾಗಿತ್ತಲ್ವಾ?"

"ಸರಿಯಾಗಿತ್ತು," ಎಂದಳು ಸೂಜಿಮಲ್ಲಿಗೆ. "ನಂಗೂ ಗೊತ್ತಿತ್ತು."