ಕೋಳಿ ಕಾಯುವ ದುರ್ಬೀನು

ಅತ್ತಿಗೆ ಆ ಶಾಖ ತೋರಿಸುವ ದುರ್ಬೀನು ಕೊಂಡದ್ದು ಕೋಳಿಗೂಡಿಗೆ ನುಗ್ಗುವ ನರಿಯ ಮೇಲೆ ಕಣ್ಣಿಡಲು. ಅಗ್ಗದ್ದು, ಅಂಗೈಯಲ್ಲಿ ಹಿಡಿಸುವಂಥದ್ದು. ಕತ್ತಲಲ್ಲಿ ಬಿಸಿಯಾದದ್ದು ಅದರಲ್ಲಿ ಬೆಳ್ಳಗೆ ಕಾಣುತ್ತದೆ, ತಣ್ಣಗಿನದು ಕಪ್ಪಗೆ. ಇಟ್ಟಿಗೆ ಭಟ್ಟಿಯ ಮೇಸ್ತ್ರಿಯಾದ ಮೈದುನ ಅದನ್ನು ಕಂಡಾಗಲೆಲ್ಲ, "ಏನತ್ತಿಗೆ, ಇವತ್ತು ಕೋಳಿಗೆ ಜ್ವರ ಎಷ್ಟು?" ಎಂದು ಕಿಚಾಯಿಸುತ್ತಿದ್ದ.

ಅವತ್ತು ಭಟ್ಟಿಯ ಹತ್ತಿರ ಆಡುತ್ತಿದ್ದ ಅವನ ಮಗಳು ಪುಟಾಣಿ ಕಾಣೆಯಾದಳು. ಕತ್ತಲಾಯಿತು, ಚಳಿ ಏರಿತು. ಕೂಗಿ ಕೂಗಿ ಎಲ್ಲರ ಗಂಟಲು ಕಟ್ಟಿತು. ಟಾರ್ಚು ಹಾಯಿಸಿದರೆ ಎಲ್ಲೆಲ್ಲೂ ಇಟ್ಟಿಗೆ ಬಣ್ಣವೇ. ಅತ್ತಿಗೆ ದುರ್ಬೀನಿನಲ್ಲಿ ಬಯಲೆಲ್ಲ ಜಾಲಾಡಿದಳು. ಎರಡು ನಾಯಿ, ಒಂದು ಬೆಕ್ಕು, ಅಷ್ಟೇ. ಉಳಿದದ್ದು ಭಟ್ಟಿಯಿಂದ ಆಗಷ್ಟೇ ತೆಗೆದು ಪೇರಿಸಿದ್ದ ಇಟ್ಟಿಗೆಯ ಸಾಲುಗಳು. ಬಿಸಿ ಇನ್ನೂ ಆರಿರಲಿಲ್ಲವಾಗಿ ಅಲ್ಲಿ ಸುಣ್ಣ ಬಳಿದಂತೆ ಬರೀ ಬಿಳಿ.

"ಬಿಡಿ ಅತ್ತಿಗೆ, ಅದು ಕೋಳಿ ಕಾಯೋಕೇ ಲಾಯಕ್ಕು," ಎಂದ ಮೇಸ್ತ್ರಿ. "ಏಯ್, ಸಾಲು ಕೆಡವ್ರೋ! ಒಂದೂ ಬಿಡ್ಬೇಡಿ!"

ಆಳುಗಳು ಮುನ್ನುಗ್ಗಿದರು. ಮಗು ಸಂದಿಯಲ್ಲಿದ್ದರೆ ಇಟ್ಟಿಗೆ ಬೀಳುವುದು ಅದರ ಮೇಲೆಯೇ. "ನಿಲ್ಲಿ!" ಎಂದು ಅತ್ತಿಗೆ ಕೈ ಚಾಚಿದಳು. ಚಾಚಿದ ಕೈ ದುರ್ಬೀನಿಗೆ ಅಡ್ಡ ಬಂತು. ಬಿಳಿಯ ಮೇಲೆ ಐದು ಕಪ್ಪು ಬೆರಳು.

ಇಷ್ಟು ಹೊತ್ತು ಅವಳು ಹುಡುಕಿದ್ದು ಬಿಳಿಯನ್ನು. ಕೋಳಿ ಕಾದ ಅಭ್ಯಾಸ. ಆದರೆ ಈ ಇಟ್ಟಿಗೆ ಮನುಷ್ಯರ ಮೈಗಿಂತ ಬಿಸಿ.

"ಯಾರಾದ್ರೂ ಒಂದಿಟ್ಟಿಗೆ ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಗದರಿ, ಒಂದೊಂದೇ ಸಂದಿಗೆ ದುರ್ಬೀನು ಹಿಡಿಯುತ್ತ ನಡೆದಳು. ಈಗ ಹುಡುಕುತ್ತಿದ್ದುದು ಕಪ್ಪನ್ನು. ಕೊನೆಯ ಸಾಲಿನ ಒಳಗೆ, ಬಿಳಿಯ ನಡುವೆ ಮುದುಡಿಕೊಂಡ ಒಂದು ಕಪ್ಪು ಮುದ್ದೆ. ಅದಕ್ಕೆರಡು ಕಾಲು.

"ಇಲ್ಲಿದಾಳೆ ಕಣೋ."

ಮೇಸ್ತ್ರಿ ಹೊಟ್ಟೆಯ ಮೇಲೆ ತೆವಳಿ ಹೋಗಿ ಮಗಳನ್ನು ಎಳೆದುಕೊಂಡು ಬಂದ. ಮೈಯೆಲ್ಲ ಇಟ್ಟಿಗೆ ಪುಡಿ. "ಬೆಚ್ಚಗಿತ್ತು, ಯಾಕೆ ಎಬ್ಬಿಸಿದೆ?" ಎಂದು ಪುಟಾಣಿ ಅಪ್ಪನ ಮೇಲೇ ಸಿಡುಕಿದಳು. ಅವನು ಅವಳನ್ನು ಅವುಚಿಕೊಂಡು ಅತ್ತಿಗೆಯ ಕಡೆ ನೋಡಿದ.

ಬೆಳಿಗ್ಗೆ ಇಟ್ಟಿಗೆ ತುಂಬಲು ಬಂದ ಲಾರಿ ಡ್ರೈವರಿಗೆ ಮೇಸ್ತ್ರಿ ಎದೆಯುಬ್ಬಿಸಿ ವರದಿ ಒಪ್ಪಿಸುತ್ತಿದ್ದ.

"ಭಾರೀ ದುಬಾರಿದಾ ಆ ದುರ್ಬೀನು?" ಎಂದ ಡ್ರೈವರ್.

"ದುರ್ಬೀನು ಅಗ್ಗದ್ದೇ ಕಣಯ್ಯ. ನಮ್ಮತ್ತಿಗೆ ಅಂಥೋರು ಸಿಗಲ್ಲ. ಎರಡನೇ ಸಾಲಿಗೆ ಬಂದ್ರು ನೋಡು, ಬಂದಿದ್ದೇ..."

ಕೋಳಿಗೆ ಕಾಳು ಎರಚುತ್ತಿದ್ದ ಅತ್ತಿಗೆ ಅಲ್ಲಿಂದಲೇ ಕೂಗಿದಳು: "ಎರಡನೇದಲ್ಲ, ಕೊನೇ ಸಾಲು! ಹೇಳೋದಾದ್ರೆ ಸರಿಯಾಗಿ ಹೇಳು. ಮೊದಲಿಂದ ಶುರು ಮಾಡು."

ಮೇಸ್ತ್ರಿ ಮೊದಲಿಂದ ಶುರು ಮಾಡಿದ.